ಪರ್ಮಿಟ್ ರೂಮಿನಿಂದ ದ್ರಾಕ್ಷಿತೋಟಕ್ಕೆ

ಫೆಬ್ರವರಿಯ ಶನಿವಾರ ಬೆಳಿಗ್ಗೆ ಹಿಂಜವಾಡಿಯ ರಸ್ತೆಗಳನ್ನು ನೋಡಿದರೆ, ವಾರದ ಐದು ದಿನ ಇಲ್ಲಿ ಗಂಟೆಗಟ್ಟಲೆ ಟ್ರಾಫಿಕ್ ನಿಲ್ಲುತ್ತದೆ ಎಂದು ನಂಬುವುದು ಕಷ್ಟ. ಕಂಪನಿ ಬಸ್ಸುಗಳಿಲ್ಲ, ಐಡಿ ಕಾರ್ಡು ನೇತುಹಾಕಿಕೊಂಡವರಿಲ್ಲ. ಆ ಹೊತ್ತಿಗೆ ಅಪಾರ್ಟ್‌ಮೆಂಟುಗಳಿಂದ ಹೊರಬೀಳುವ ಕಾರುಗಳಲ್ಲಿ ಹೆಚ್ಚಿನವು ಲೋಣಾವಳಕ್ಕೋ ಮಹಾಬಳೇಶ್ವರಕ್ಕೋ ಹೊರಟಿರುತ್ತವೆ. ಉಳಿದವುಗಳಲ್ಲಿ ಕೆಲವು ಮೋಶಿ, ಚಾಕಣ ದಾಟಿ ನಾಸಿಕದ ದಾರಿ ಹಿಡಿಯುತ್ತವೆ. ಇನ್ನು ಕೆಲವು ಸೋಲಾಪುರ ಹೆದ್ದಾರಿಯಲ್ಲಿ ಪಾಟಸ್‌ವರೆಗೆ ಹೋಗಿ ಬಾರಾಮತಿಯ ಕಡೆ ಹೊರಳುತ್ತವೆ. ಒಳಗಿರುವುದು ಬಹುಪಾಲು ಗಂಡ-ಹೆಂಡತಿ ಇಬ್ಬರೇ. ಒಬ್ಬರು ಧಾರವಾಡದವರು, ಇನ್ನೊಬ್ಬರು ಶಿವಮೊಗ್ಗದವರು ಎನ್ನುವಂಥ ಕನ್ನಡದ ಜೋಡಿಗಳೂ ಅವರಲ್ಲಿ ಸಾಕಷ್ಟು. ಆನ್‌ಸೈಟ್ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾಕ್ಕೋ ಜರ್ಮನಿಗೋ ಹೋಗಿದ್ದಾಗ ನಾಪಾ ಕಣಿವೆಯನ್ನೋ ಮೋಸೆಲ್ ನದಿಯ ಇಳಿಜಾರನ್ನೋ ಸುತ್ತಿ ಬಂದವರು. ಹೊರಟಿರುವುದು ದ್ರಾಕ್ಷಿತೋಟ ನೋಡಲಿಕ್ಕೆ, ವೈನ್ ರುಚಿ ನೋಡಲಿಕ್ಕೆ.

ಗಂಡ-ಹೆಂಡತಿ ಕೂಡಿಕೊಂಡು, ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಕಣ್ಣೆದುರಿಗೆ ಕುಳಿತು ವೈನ್ ಕುಡಿಯುವ ಈ ರೂಢಿಗೆ ಮಹಾರಾಷ್ಟ್ರದಲ್ಲಿ ಸುಮಾರು ಇಪ್ಪತ್ತು ವರ್ಷಗಳ ಇತಿಹಾಸವಷ್ಟೇ ಇದೆ. ದ್ರಾಕ್ಷಿಗೆ ಮಾತ್ರ ಈ ನೆಲದಲ್ಲಿ ಶತಮಾನಗಳ ಇತಿಹಾಸವಿದೆ. ಈ ಎರಡರ ನಡುವೆ ಏನು ನಡೆಯಿತು ಎಂಬುದೇ ಸ್ವಾರಸ್ಯದ ಕಥೆ.

ವಿದೇಶದಲ್ಲಿ ಆ ಜೋಡಿಗಳು ಸುತ್ತಿದ 'ವೈನ್ ರೂಟ್'ಗಳೂ ಅನಾದಿ ಕಾಲದವಲ್ಲ. ಕಣಿವೆ, ಹಳೆಯ ಕಲ್ಲಿನ ಮನೆ, ಚರ್ಚಿನ ಗೋಪುರ ನೋಡಿದರೆ ಎಲ್ಲವೂ ಮಧ್ಯಯುಗದಿಂದ ಹೀಗೇ ಇತ್ತೇನೋ ಅನ್ನಿಸುತ್ತದೆ. ಆದರೆ ಪ್ರವಾಸಿಗರಿಗೆಂದು ಫಲಕ ನೆಟ್ಟು ಗುರುತಿಸಿದ ಮೊದಲ ವೈನ್ ರಸ್ತೆ ಜರ್ಮನಿಯ ಪಫಾಲ್ಜ್ ಪ್ರಾಂತ್ಯದಲ್ಲಿ ಉದ್ಘಾಟನೆಯಾದದ್ದು 1935ರ ಅಕ್ಟೋಬರಿನಲ್ಲಿ. ಮಾಡಿಸಿದವನು ನಾಜಿ ಪಕ್ಷದ ಪ್ರಾಂತೀಯ ಮುಖಂಡ ಯೋಸೆಫ್ ಬ್ಯೂರ್ಕೆಲ್. ಫಸಲು ಹೆಚ್ಚಾಗಿ ವೈನ್ ಮಾರಾಟವಾಗದೆ ಉಳಿದಿತ್ತು. ಸುಮಾರು 85 ಕಿಲೋಮೀಟರ್ ಉದ್ದದ ರಸ್ತೆಗೆ ಒಂದು ಚೆಂದದ ಹೆಸರಿಟ್ಟು ಗಿರಾಕಿಗಳನ್ನೇ ಹಳ್ಳಿಗೆ ಕರೆಸುವ ಉಪಾಯ ಅದು. ಫ್ರಾನ್ಸಿನ ಆಲ್ಸಾಸ್ 1953ರಲ್ಲಿ ಇದೇ ಹಾದಿ ಹಿಡಿಯಿತು. ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಮೊಂಡಾವಿ 1966ರಲ್ಲಿ ಕಟ್ಟಿದ ವೈನರಿ ಬಂದವರನ್ನು ಸುತ್ತಾಡಿಸಿ, ರುಚಿ ತೋರಿಸಿ ಕಳಿಸುವ ಪದ್ಧತಿಗೆ ಹೆಸರಾಯಿತು. ದಕ್ಷಿಣ ಆಫ್ರಿಕದ ಸ್ಟೆಲೆನ್‌ಬಾಷ್‌ನಲ್ಲಿ 1971ರಲ್ಲಿ ಮೂವರು ತೋಟದ ಮಾಲೀಕರು ಸೇರಿ ವೈನ್ ರೂಟ್ ಶುರುಮಾಡಿದರು; ಅವರಲ್ಲೊಬ್ಬರಾದ ಫ್ರಾನ್ಸ್ ಮಲಾನ್‌ಗೆ ಆ ಯೋಚನೆ ಹೊಳೆದದ್ದು ಫ್ರಾನ್ಸಿನ ಬರ್ಗಂಡಿಗೆ ಹೋಗಿದ್ದಾಗ. ಅಂದರೆ ಹೊರಗೆ ಹೋಗಿ ನೋಡಿ ಬಂದವರು ಊರಲ್ಲಿ ಅದನ್ನೇ ಮಾಡುವುದು ನಮ್ಮವರ ಚಾಳಿ ಮಾತ್ರವಲ್ಲ. ಅಂದಹಾಗೆ, ಕೇಪ್ ಪ್ರಾಂತ್ಯದ ಹಳೆಯ ದ್ರಾಕ್ಷಿತೋಟಗಳಲ್ಲಿ ದುಡಿದ ಗುಲಾಮರಲ್ಲಿ ಬಂಗಾಳ, ಮಲಬಾರ್, ಕೋರಮಂಡಲ ತೀರಗಳಿಂದ ಡಚ್ಚರು ಹಿಡಿದೊಯ್ದವರೂ ಇದ್ದರು. ಭಾರತದಿಂದ ಹನಿಮೂನಿಗೆ ಹೋಗಿ ಅಲ್ಲಿನ ಓಕ್ ಮರಗಳ ನೆರಳಲ್ಲಿ ಫೋಟೊ ತೆಗೆಸಿಕೊಳ್ಳುವವರಿಗೆ ಗೈಡುಗಳು ಇದನ್ನು ಹೇಳಿದರೆ ಚೆನ್ನ.

ಹಿಂಜವಾಡಿಯಿಂದ ನಾಸಿಕದ ಕಡೆಗೆ ಹೊರಟವರ ದಾರಿಗೆ ಹತ್ತಿರದಲ್ಲೇ, ನಾರಾಯಣಗಾವಿನಿಂದ ಒಳಕ್ಕೆ ಹೊರಳಿದರೆ ಜುನ್ನರ್ ಸಿಗುತ್ತದೆ. ಶಿವಾಜಿ ಹುಟ್ಟಿದ ಶಿವನೇರಿ ಕೋಟೆಯ ಊರೆಂದೇ ಎಲ್ಲರಿಗೂ ಪರಿಚಯ. ಅದಕ್ಕೂ ಬಹಳ ಹಿಂದೆ, ಶಾತವಾಹನರ ಕಾಲದಲ್ಲಿ, ಕರಾವಳಿಯ ಬಂದರುಗಳಿಂದ ಪ್ರತಿಷ್ಠಾನ ನಗರಕ್ಕೆ ಹೋಗುವ ಎತ್ತಿನ ಹೇರುಗಳು ನಾಣೇಘಾಟ ಹತ್ತಿ ಜುನ್ನರಿಗೆ ಬರುತ್ತಿದ್ದವು. ಸುತ್ತಲಿನ ಬೌದ್ಧ ಗುಹೆಗಳ ಶಾಸನಗಳಲ್ಲಿ ದಾನ ಕೊಟ್ಟ ಯವನರ ಹೆಸರುಗಳಿವೆ. ಕ್ರಿಸ್ತಶಕ ಒಂದನೇ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕ ಕೈಪಿಡಿ ಭರೂಚ್ ಬಂದರಿಗೆ ಇಳಿಯುತ್ತಿದ್ದ ಸರಕುಗಳ ಪಟ್ಟಿಯಲ್ಲಿ ವೈನನ್ನು ಹೆಸರಿಸುತ್ತದೆ: ಇಟಲಿಯದಕ್ಕೆ ಹೆಚ್ಚು ಬೇಡಿಕೆ, ಜೊತೆಗೆ ಲವೋದಿಕೆಯದು, ಅರೇಬಿಯದ್ದು. ಎರಡು ಸಾವಿರ ವರ್ಷಗಳ ಹಿಂದೆಯೇ ದಖ್ಖನಿನ ಶ್ರೀಮಂತರಿಗೆ 'ಇಂಪೋರ್ಟೆಡ್' ಎಂಬ ವ್ಯಾಮೋಹವಿತ್ತು ಎಂದಾಯಿತು.

ಪುಣೆಯ ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಳಿಯಾ ಅವರ ತಂಡ 1954ರಿಂದ 1956ರವರೆಗೆ ಅಂದಿನ ಅಹಮದ್‌ನಗರ ಜಿಲ್ಲೆಯ ನೇವಾಸಾದಲ್ಲಿ ಅಗೆದಾಗ ಎರಡು ಹಿಡಿಗಳ, ಚೂಪು ತಳದ ಆಂಫೊರಾ ಜಾಡಿಗಳ ಚೂರುಗಳು ಸಿಕ್ಕವು. ಮೆಡಿಟರೇನಿಯನ್ನಿನಿಂದ ವೈನ್ ತುಂಬಿಕೊಂಡು ಬರುತ್ತಿದ್ದದ್ದು ಇಂಥವುಗಳಲ್ಲೇ. ಮುಂದೆ ದೇಶದ ಬೇರೆ ಬೇರೆ ಕಡೆ ಸಿಕ್ಕಿದ್ದ ಇಂಥ ಚೂರುಗಳನ್ನು ತಜ್ಞರು ಮತ್ತೆ ಪರಿಶೀಲಿಸಿದಾಗ, ರೋಮಿನವೆಂದು ಭಾವಿಸಿದ್ದ ಅನೇಕವು ಮೆಸಪೊಟೇಮಿಯ ಕಡೆಯ 'ಟಾರ್ಪಿಡೊ' ಜಾಡಿಗಳೆಂದು ತಿಳಿಯಿತು. ಒಳಗೆ ಸೋರದಂತೆ ಡಾಂಬರಿನಂಥ ಕಪ್ಪು ಲೇಪ ಬಳಿದ, ಹಿಡಿಗಳಿಲ್ಲದ ಜಾಡಿಗಳವು. ಅಂತೂ ಬಂದದ್ದು ಹೊರಗಿನಿಂದ, ಹಡಗಿನಲ್ಲಿ.

ದ್ರಾಕ್ಷಿಯನ್ನು ಇಲ್ಲೇ ಬೆಳೆದ ಸಾಕ್ಷ್ಯಕ್ಕೂ ಕೊರತೆಯಿಲ್ಲ. ಹದಿನಾಲ್ಕನೇ ಶತಮಾನದ ಯಾತ್ರಿಕ ಇಬ್ನ್ ಬತೂತ ದೌಲತಾಬಾದಿನಲ್ಲಿ ದ್ರಾಕ್ಷಿ, ದಾಳಿಂಬೆ ವರ್ಷಕ್ಕೆ ಎರಡು ಸಲ ಫಲ ಬಿಡುತ್ತವೆ ಎಂದು ಬರೆದ. ಸುಮಾರು ಇನ್ನೂರು ವರ್ಷಗಳಾದ ಮೇಲೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಿತ್ತಳೆ, ದಾಳಿಂಬೆಗಳ ಜೊತೆಗೆ ದ್ರಾಕ್ಷಿಯೂ ಅಲ್ಲಿನ ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತಿತ್ತೆಂದು ಗುರುತು ಹಾಕಿಕೊಂಡ. ಕುಡಿತವನ್ನು ಕಂಡು ಹಳಬರೇನೂ ಮುಖ ಮುಚ್ಚಿಕೊಂಡಿರಲಿಲ್ಲ. ಪಂಪ 941ರಷ್ಟು ಹಿಂದೆಯೇ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಾನಗೋಷ್ಠಿಯನ್ನು ಯಾವ ಅಳುಕೂ ಇಲ್ಲದೆ ಬಣ್ಣಿಸಿದ್ದಾನೆ. ಆದರೆ ದಖ್ಖನಿನ ದ್ರಾಕ್ಷಿ ಹೆಚ್ಚಾಗಿ ತಿನ್ನುವ ಹಣ್ಣಾಗಿಯೇ ಉಳಿಯಿತು. ಜನಸಾಮಾನ್ಯರ ಪಾನ ಹೆಂಡ ಮತ್ತು ಸಾರಾಯಿ.

ಅಳುಕು ಬಂದದ್ದು ಕಾನೂನಿನ ಜೊತೆ. ಬಾಂಬೆ ಪಾನನಿಷೇಧ ಕಾಯಿದೆ 1949ರಲ್ಲಿ ಅಂಗೀಕಾರವಾಗಿ, 1950ರ ಏಪ್ರಿಲಿನಿಂದ ಮುಂಬೈ ರಾಜ್ಯದಲ್ಲಿ ಪೂರ್ಣ ಪಾನನಿಷೇಧ ಬಂತು. ಆಗಿನ ಗೃಹಮಂತ್ರಿ ಮೊರಾರ್ಜಿ ದೇಸಾಯಿ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ಪುನರ್ವಿಂಗಡಣೆಯವರೆಗೆ ಅದೇ ರಾಜ್ಯದಲ್ಲಿದ್ದವು. ಹೀಗಾಗಿ ಇಂದು ಹಿಂಜವಾಡಿಯಲ್ಲಿ ಕೋಡು ಬರೆಯುವ ಎಷ್ಟೋ ಮಂದಿಯ ಅಜ್ಜಂದಿರು ಈ ಕಾಯಿದೆಯ ಕೆಳಗೆ ಬದುಕಿದವರು. ಕಾಯಿದೆಯನ್ನು ಎಫ್. ಎನ್. ಬಲ್ಸಾರಾ ಎಂಬವರು ಕೋರ್ಟಿನಲ್ಲಿ ಪ್ರಶ್ನಿಸಿದರು. 1951ರಲ್ಲಿ ಸುಪ್ರೀಂ ಕೋರ್ಟ್ ಕೆಲವು ಕಲಮುಗಳನ್ನು ತೆಗೆದುಹಾಕಿ ಉಳಿದದ್ದನ್ನು ಎತ್ತಿಹಿಡಿಯಿತು. ಮುಂದಿನ ದಶಕಗಳಲ್ಲಿ ನಿಷೇಧ ಸಡಿಲವಾಯಿತೇ ಹೊರತು ಕಾಯಿದೆ ರದ್ದಾಗಲಿಲ್ಲ. ಮಹಾರಾಷ್ಟ್ರದಲ್ಲಿ ಕುಡಿಯಲು ಇವತ್ತಿಗೂ ಕಾಗದದ ಮೇಲೆ ವೈಯಕ್ತಿಕ ಪರ್ಮಿಟ್ ಬೇಕು. ಆ ಪರ್ಮಿಟಿನ ಒಕ್ಕಣೆಯಂತೆ, ಅದನ್ನು ಪಡೆದವರು ಮದ್ಯ ಸೇವಿಸುವುದು ಆರೋಗ್ಯದ ರಕ್ಷಣೆ ಮತ್ತು ಪೋಷಣೆಗೆ! ಸರ್ಕಾರಿ ಭಾಷೆಗೂ ಹಾಸ್ಯಪ್ರಜ್ಞೆ ಇರುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಈ ಕಾನೂನಿನ ಕೂಸು 'ಪರ್ಮಿಟ್ ರೂಮ್'. ಮುಂಬೈ, ಪುಣೆಗಳಲ್ಲಿ ಇವುಗಳಲ್ಲಿ ಅನೇಕವನ್ನು ನಡೆಸಿದವರು ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹೋದ ಶೆಟ್ಟರು. ಒಂದು ಬೀದಿಯಲ್ಲಿ ಇಡ್ಲಿ-ವಡೆಯ ಹೋಟೆಲು, ಇನ್ನೊಂದು ಬೀದಿಯಲ್ಲಿ 'ರೆಸ್ಟೊರೆಂಟ್ ಅಂಡ್ ಪರ್ಮಿಟ್ ರೂಮ್' ಎಂಬ ಬೋರ್ಡು. ಕಿಟಕಿಗೆ ಕಪ್ಪು ಗಾಜು, ಒಳಗೆ ಮಂದ ಬೆಳಕು, ಮೇಜಿನ ಮೇಲೆ ಶೇಂಗಾ, ಸೌತೆಕಾಯಿ ಹೋಳು, ಗೋಡೆಗೊಂದು ದೇವರ ಪಟ. ಬೀದಿಯಲ್ಲಿ ಹೋಗುವವರಿಗೆ ಒಳಗಿನವರು ಕಾಣಬಾರದು; ಒಳಗಿನವರಿಗೂ ಅದೇ ಬೇಕು. ಮೇಲ್ಮಹಡಿಯಲ್ಲಿ 'ಫ್ಯಾಮಿಲಿ ಸೆಕ್ಷನ್' ಎಂದು ಬೇರೆ ಇರುತ್ತದೆ. ಹೆಂಡತಿಯೊಂದಿಗೆ ಬಂದವನು ಅಲ್ಲಿ ಚಿಕನ್ ಬಿರಿಯಾನಿ ತಿಂದು ಹೋಗಬೇಕು. ಕೆಳಗಿನದು ಗಂಡಸರ ಲೋಕ. ಈ ವ್ಯವಸ್ಥೆಯನ್ನು ಶೆಟ್ಟರು ಚೊಕ್ಕವಾಗಿಯೇ ನಡೆಸಿದರು; ಕುಡಿತ ಮುಚ್ಚಿಡಬೇಕಾದ ಕೆಲಸ ಎಂಬ ಭಾವನೆಯನ್ನು ಅವರು ಹುಟ್ಟಿಸಲಿಲ್ಲ, ಕಾಯಿದೆ ಹುಟ್ಟಿಸಿತು.

ಹೀಗಿರುವಾಗ 1980ರ ದಶಕದಲ್ಲಿ ಶಾಮರಾವ್ ಚೌಗುಲೆ ಎಂಬ ಉದ್ಯಮಿ ನಾರಾಯಣಗಾವಿನಲ್ಲಿ ಶಾಂಪೇನ್ ಮಾದರಿಯ ನೊರೆವೈನ್ ತಯಾರಿಸಲು ಹೊರಟದ್ದು ಸಾಹಸವೇ. ಊರು ಅಂದಿಗೆ ಖ್ಯಾತವಾಗಿದ್ದದ್ದು ತಮಾಷಾ ಕಲೆಗೆ. ಲಾವಣಿಯ ದೊಡ್ಡ ಹೆಸರು ವಿಠಾಬಾಯಿ ಅಲ್ಲಿಯವರು. ಚೌಗುಲೆ ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ಪೈಪರ್-ಹೈಡ್ಸಿಕ್ ಸಂಸ್ಥೆಯ ತಾಂತ್ರಿಕ ನೆರವು ಪಡೆದರು. ಷಾಟೊ ಇಂಡಾಜ್ ಎಂಬ ಹೆಸರಿನಡಿ ತಯಾರಾದ ಆ ನೊರೆವೈನ್ ಹೊರದೇಶಕ್ಕೆ 'ಒಮರ್ ಖಯ್ಯಾಮ್' ಆಗಿ, ಇಲ್ಲಿಗೆ 'ಮಾರ್ಕೀಸ್ ದ ಪಾಂಪಡೂರ್' ಆಗಿ ಹೋಯಿತು. ಲಂಡನ್ನಿನ ಅಂಗಡಿಗಳಲ್ಲಿ ಭಾರತದ ನೊರೆವೈನ್ ಇದೆಯೆಂಬುದೇ ಆಗ ಪತ್ರಿಕೆಗಳಿಗೆ ಸುದ್ದಿ. ಅದೇ ದಶಕದಲ್ಲಿ ಕರ್ನಾಟಕದಲ್ಲಿ ಕನ್ವಲ್ ಗ್ರೋವರ್ ನಂದಿಬೆಟ್ಟದ ಬುಡದ ದೊಡ್ಡಬಳ್ಳಾಪುರದಲ್ಲಿ ಫ್ರೆಂಚ್ ತಳಿಗಳನ್ನು 1988ರಲ್ಲಿ ನೆಡಿಸಿದರು. ವ್ಯಾಪಾರಕ್ಕೆ ಫ್ರಾನ್ಸಿಗೆ ಹೋಗಿ ಬರುತ್ತಿದ್ದಾಗ ಹಿಡಿದ ಹುಚ್ಚು. ಅಲ್ಲಿಂದ ಜಾರ್ಜ್ ವೆಸೆಲ್, ಮುಂದೆ 1990ರ ದಶಕದಲ್ಲಿ ಬೋರ್ಡೊದ ಖ್ಯಾತ ಸಲಹೆಗಾರ ಮಿಶೆಲ್ ರೋಲಾನ್ ಬಂದರು. ಸುತ್ತಲಿನ ರೈತರೆಲ್ಲ ಬೆಳೆಯುತ್ತಿದ್ದದ್ದು ಬೆಂಗಳೂರು ನೀಲಿ ದ್ರಾಕ್ಷಿ. ಸಿಪ್ಪೆ ದಪ್ಪ, ಗಮ್ಮೆನ್ನುವ ವಾಸನೆ, ಜ್ಯೂಸಿಗೂ ಸಿಹಿಯಾದ 'ಪೋರ್ಟ್' ವೈನಿಗೂ ಹೇಳಿ ಮಾಡಿಸಿದ ಹಣ್ಣು. ಕ್ಯಾಬರ್ನೆ ಎಂಬ ಈ ಸಣ್ಣ, ಬೀಜ ತುಂಬಿದ ಹಣ್ಣನ್ನು ಯಾರು ಕೊಳ್ಳುತ್ತಾರೆ ಎಂದು ಅವರಿಗೆ ಅನುಮಾನ ಬಂದಿದ್ದರೆ ತಪ್ಪೇನಿಲ್ಲ.

ಇಂಡಾಜ್ ಕೊನೆಗೆ ಉಳಿಯಲಿಲ್ಲ. ಆಸ್ಟ್ರೇಲಿಯ, ಬ್ರಿಟನ್ನುಗಳಲ್ಲಿ ಕಂಪನಿಗಳನ್ನು ಕೊಳ್ಳುವಷ್ಟು ಮೇಲೆ ಹಾರಿ, 2008ರ ಆರ್ಥಿಕ ಕುಸಿತದ ನಂತರ ಸಾಲದಲ್ಲಿ ಮುಳುಗಿತು.

ದಾರಿ ತೆರೆದದ್ದು ಬೇರೆ ಕಡೆಯಿಂದ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಎಂಜಿನಿಯರಿಂಗ್ ಓದಿ, ಒರೇಕಲ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ರಾಜೀವ್ ಸಾಮಂತ್ 1990ರ ದಶಕದ ಆರಂಭದಲ್ಲಿ ವಾಪಸಾಗಿ, ನಾಸಿಕದ ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ಬಳಿಯ ಮನೆತನದ ಜಮೀನಿನಲ್ಲಿ ಮಾವು, ಗುಲಾಬಿ, ತಿನ್ನುವ ದ್ರಾಕ್ಷಿ ಎಲ್ಲ ಬೆಳೆದು ನೋಡಿದರು. ಆಮೇಲೆ ಕ್ಯಾಲಿಫೋರ್ನಿಯಾದ ಸೊನೋಮಾದಿಂದ ಕೆರಿ ಡ್ಯಾಮ್‌ಸ್ಕಿ ಎಂಬ ವೈನ್ ತಜ್ಞರನ್ನು ಕರೆಸಿ ಸೊವಿನ್ಯೊನ್ ಬ್ಲಾಂಕ್, ಶೆನಿನ್ ಬ್ಲಾಂಕ್ ತಳಿಗಳನ್ನು ನೆಟ್ಟರು. ಸುಲಾ ಹೆಸರಿನ ಮೊದಲ ಬಾಟಲಿಗಳು ಹೊರಬಂದದ್ದು 2000ದಲ್ಲಿ. ಮರುವರ್ಷವೇ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣಾ ನೀತಿ ಪ್ರಕಟಿಸಿ, ರಾಜ್ಯದ ದ್ರಾಕ್ಷಿಯಿಂದ ಮಾಡಿದ ವೈನಿಗೆ ಅಬಕಾರಿ ಸುಂಕ ಮಾಫಿ ಮಾಡಿತು. ನಾಸಿಕದ ವಿಂಚೂರ್, ಸಾಂಗ್ಲಿಯ ಪಲೂಸ್‌ಗಳಲ್ಲಿ ವೈನ್ ಪಾರ್ಕುಗಳನ್ನು ತೆರೆಯಿತು. ಹತ್ತು ವರ್ಷಕ್ಕೆಂದು ಕೊಟ್ಟ ವಿನಾಯಿತಿ ಮುಂದೆ ವಿಸ್ತರಣೆಯೂ ಆಯಿತು. ಒಂದೇ ಸಮನೆ ವೈನರಿಗಳು ತಲೆ ಎತ್ತಿದವು.

ಅದೇ ವರ್ಷಗಳಲ್ಲಿ ಹಿಂಜವಾಡಿಯೂ ರೂಪ ಬದಲಿಸುತ್ತಿತ್ತು. ಮುಳಶಿ ತಾಲ್ಲೂಕಿನ ಈ ಹಳ್ಳಿಯಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಕಟ್ಟಿದ ರಾಜೀವ್ ಗಾಂಧಿ ಇನ್ಫೊಟೆಕ್ ಪಾರ್ಕಿಗೆ ಇನ್ಫೋಸಿಸ್, ವಿಪ್ರೊ ಮೊದಲಾದವು ಬಂದವು. ಬೆಂಗಳೂರಿನಿಂದ ವರ್ಗವಾಗಿ, ಇಲ್ಲವೇ ಹುಬ್ಬಳ್ಳಿ-ಬೆಳಗಾವಿಯ ಕಾಲೇಜುಗಳಿಂದ ನೇರವಾಗಿ ಕನ್ನಡದ ಹುಡುಗ ಹುಡುಗಿಯರು ಬಂದಿಳಿದರು. ಊರಿಗೆ ಹೋಗಿಬರಲು ಹೆದ್ದಾರಿ ಬಾಗಿಲಲ್ಲೇ ಇದೆ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಧಾರವಾಡ. ಇಬ್ಬರಿಗೂ ಸಂಬಳ, ಇಬ್ಬರಿಗೂ ಪಾಸ್‌ಪೋರ್ಟು, ಮೇಲೆ ಎಚ್ಚರಿಸಲು ಹಿರಿಯರಿಲ್ಲದ ಬಾಡಿಗೆ ಮನೆ. ವೈನ್ ಕಂಪನಿಗಳು ಹುಡುಕುತ್ತಿದ್ದ ಗಿರಾಕಿಯ ಚಹರೆ ಇದೇ.

ಸುಲಾ ತನ್ನ ಟೇಸ್ಟಿಂಗ್ ರೂಮನ್ನು ತೆರೆದದ್ದು 2005ರಲ್ಲಿ. ಪರ್ಮಿಟ್ ರೂಮಿನಲ್ಲಿ ಏನೇನಿತ್ತೋ ಇಲ್ಲಿ ಎಲ್ಲ ಅದರ ತದ್ವಿರುದ್ಧ. ಕಪ್ಪು ಗಾಜಿನ ಬದಲು ತೋಟದತ್ತ ತೆರೆದ ಬಾಲ್ಕನಿ. ಕೌಂಟರಿನಲ್ಲಿ ನಿಂತ ಹುಡುಗಿ ಗ್ಲಾಸಿನ ತಳಕ್ಕೆ ಎರಡು ಗುಟುಕಿನಷ್ಟು ಮಾತ್ರ ಸುರಿಯುತ್ತಾಳೆ. ಹಿಡಿಯಬೇಕಾದದ್ದು ಬಟ್ಟಲನ್ನಲ್ಲ, ಕೆಳಗಿನ ಕಡ್ಡಿಯನ್ನು. ಕೈಯ ಬಿಸಿ ತಾಗಬಾರದು. ಬೆಳಕಿಗೆ ಹಿಡಿದು ಬಣ್ಣ ನೋಡಿ, ಒಮ್ಮೆ ತಿರುಗಿಸಿ, ಮೂಗು ಒಳಗಿಟ್ಟು ಮೂಸಿ, ಆಮೇಲೆ ಬಾಯಲ್ಲಿ ಆಡಿಸಬೇಕು. ಬಿಳಿಯಿಂದ ಶುರುಮಾಡಿ ಕೆಂಪಿಗೆ, ಕೊನೆಗೆ ಸಿಹಿಗೆ. 'ಹಸಿ ಮೆಣಸಿನಕಾಯಿ, ಸೀಬೆಹಣ್ಣಿನ ವಾಸನೆ ಬರುತ್ತಿದೆಯೇ ನೋಡಿ' ಎಂದಾಗ ಗಂಡ ಸುಮ್ಮನೆ ತಲೆಯಾಡಿಸುತ್ತಾನೆ. ಹೆಂಡತಿಗೆ ನಿಜವಾಗಿಯೂ ಬಂದಿರುತ್ತದೆ. ದಿನವೂ ಒಗ್ಗರಣೆಯ ಹದವನ್ನು ಮೂಗಿನಿಂದಲೇ ಅಳೆಯುವವರಿಗೆ ಇದು ಕಷ್ಟದ ವಿದ್ಯೆಯಲ್ಲ. ಹೆಂಗಸು ಕೌಂಟರಿನ ಎರಡೂ ಕಡೆ ನಿಂತದ್ದು, ಅದೂ ಹಾಡುಹಗಲು, ಈ ರೂಢಿ ತಂದ ದೊಡ್ಡ ಬದಲಾವಣೆ. 2008ರಿಂದ ಅಲ್ಲಿ ಸಂಗೀತದ ಉತ್ಸವವೂ ಶುರುವಾಯಿತು, ದ್ರಾಕ್ಷಿ ತುಳಿಯುವ ಆಟವೂ ಸೇರಿಕೊಂಡಿತು. ಆ ತುಳಿತ ಫೋಟೊಗೆ ಮಾತ್ರ. ಮಾರಾಟದ ವೈನಿನ ರಸ ತೆಗೆಯುವುದು ಉಕ್ಕಿನ ಯಂತ್ರಗಳಲ್ಲಿ.

ಯುರೋಪು ನೋಡಿಬಂದವರಿಗೆ ಇಲ್ಲಿ ಮೊದಲು ಕಾಣುವ ವ್ಯತ್ಯಾಸ ಋತುವಿನದು. ಅಲ್ಲಿ ಕೊಯ್ಲು ಸೆಪ್ಟೆಂಬರ್ ಆಸುಪಾಸು. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ದಖ್ಖನಿನಲ್ಲಿ ಮಲಗಲು ತಕ್ಕ ಚಳಿಯೇ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ: ಏಪ್ರಿಲಿನಲ್ಲಿ ಮೊದಲನೆಯದು, ಕಡ್ಡಿ ಬಲಿಯಲಿಕ್ಕೆ, ಮಳೆ ಕಡಿಮೆಯಾದ ಮೇಲೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಎರಡನೆಯದು, ಹಣ್ಣಿಗೆ. ಕೊಯ್ಲು ಜನವರಿಯಿಂದ ಮಾರ್ಚ್, ಬಿಸಿಲೇರುವ ಮೊದಲೇ ಕ್ರೇಟುಗಳು ತುಂಬಬೇಕು. ಈ ಎರಡು ಚಾಟ್ನಿಯ ವಿದ್ಯೆ ಫ್ರೆಂಚರದಲ್ಲ, ನಾಸಿಕ, ಸಾಂಗ್ಲಿ, ವಿಜಯಪುರದ ತಿನ್ನುವ ದ್ರಾಕ್ಷಿಯ ರೈತರದು. ಪುಣೆಯ ಮಾಂಜರಿಯಲ್ಲಿ 1997ರಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇದಕ್ಕೆ ಶಾಸ್ತ್ರದ ಬಲ ಕೊಟ್ಟಿತು.

ಬಾರಾಮತಿಯ ದಾರಿಯಲ್ಲಿ ರೋಟಿ ಎಂಬ ಊರಿದೆ. ಬೆಂಗಳೂರಿನ ಯುಬಿ ಸಮೂಹ ಇಲ್ಲಿ ಫ್ರೆಂಚ್ ಬಂಗಲೆಯ ಧಾಟಿಯಲ್ಲಿ ಫೋರ್ ಸೀಸನ್ಸ್ ವೈನರಿ ಕಟ್ಟಿತು. ಅದು ಮುಂದೆ ನಂದಿಬೆಟ್ಟದ ಗ್ರೋವರ್ ಕಂಪನಿಯ (ಈಗ ಗ್ರೋವರ್ ಜಂಪಾ) ಪಾಲಾಯಿತು. ಇನ್ನೂ ಆಚೆ ಸೋಲಾಪುರ ಜಿಲ್ಲೆಯ ಅಕಲೂಜ್. ಇಟಲಿಯ ಸೆಚ್ಚಿ ಸಹೋದರರು, ಸೇಖ್ರಿ ಸಹೋದರರು, ಊರಿನ ಮೋಹಿತೆ-ಪಾಟೀಲ ಸಹೋದರರು ಕೂಡಿ ಕಟ್ಟಿದ ಫ್ರಾಟೆಲ್ಲಿ ತೋಟಗಳು ಅದರ ಸುತ್ತ ಇವೆ. ಇಟಾಲಿಯನ್ನಿನಲ್ಲಿ ಫ್ರಾಟೆಲ್ಲಿ ಎಂದರೆ ಅಣ್ಣತಮ್ಮಂದಿರು. ಅಲ್ಲಿ ವೈನ್ ತಯಾರಿಸಿದವರು ಟಸ್ಕನಿಯ ಪಿಯೆರೊ ಮಾಸಿ. ರೋಟಿ ಘಾಟ ಮತ್ತು ಅಕಲೂಜ್ ಎರಡೂ ಇನ್ನೊಂದು ಹಳೆಯ ಯಾತ್ರೆಯ ನಿಲ್ದಾಣಗಳು. ಹಿಂಜವಾಡಿಗೆ ಹತ್ತಿರದ ದೇಹುವಿನಿಂದ ಜೂನಿನ ಆಸುಪಾಸು ಹೊರಡುವ ತುಕಾರಾಮರ ಪಾಲಖಿ ರೋಟಿ ಘಾಟ ಹತ್ತಿ, ಬಾರಾಮತಿ, ಇಂದಾಪುರ ದಾಟಿ, ಅಕಲೂಜಿನಲ್ಲಿ ಕುದುರೆ ಸುತ್ತು ಹಾಕುವ ರಿಂಗಣ ಮುಗಿಸಿ ಪಂಢರಪುರಕ್ಕೆ ನಡೆಯುತ್ತದೆ. ಕೊರಳಲ್ಲಿ ತುಳಸಿಮಾಲೆ ಹಾಕಿದ ಮೇಲೆ ಮದ್ಯ ಮಾಂಸ ಮುಟ್ಟದ ವಾರಕರಿಗಳು ನಡೆಯುವ ರಸ್ತೆಯಲ್ಲೇ ಫೆಬ್ರವರಿಯಲ್ಲಿ ವೈನ್ ಪ್ರವಾಸಿಗರ ಕಾರು. ಕಾಲ ಬೇರೆಯಾದ್ದರಿಂದ ಮುಖಾಮುಖಿಯಾಗುವುದಿಲ್ಲ ಅಷ್ಟೆ. ಆ ಮುಖಾಮುಖಿ ರಾಜಕೀಯದಲ್ಲಿ ನಡೆಯುತ್ತದೆ. 2022ರ ಜನವರಿಯಲ್ಲಿ ಸೂಪರ್‌ಮಾರ್ಕೆಟುಗಳಲ್ಲಿ ವೈನ್ ಮಾರಲು ರಾಜ್ಯ ಸಂಪುಟ ಒಪ್ಪಿದಾಗ ಅಣ್ಣಾ ಹಜಾರೆ ಉಪವಾಸದ ಎಚ್ಚರಿಕೆ ಕೊಟ್ಟರು, ನಿರ್ಧಾರ ಜಾರಿಗೆ ಬರಲಿಲ್ಲ. ದ್ರಾಕ್ಷಿ ರೈತನ ಹಿತ ಮತ್ತು ಪಾನನಿಷೇಧದ ನೀತಿ ಎರಡನ್ನೂ ಒಟ್ಟಿಗೆ ಬಗಲಲ್ಲಿಟ್ಟುಕೊಂಡ ರಾಜ್ಯದಲ್ಲಿ ಇಂಥ ಜಗ್ಗಾಟ ಸಹಜ.

ಕರ್ನಾಟಕದ ಕಥೆ ಇಷ್ಟು ಗದ್ದಲದ್ದಲ್ಲ. 2007ರ ವೈನ್ ನೀತಿ, ಅದರ ಬೆನ್ನಿಗೇ ವೈನ್ ಬೋರ್ಡು, ಬೆಂಗಳೂರಿನಲ್ಲಿ ವೈನ್ ಮೇಳಗಳು. ಹೊರದೇಶ ಸುತ್ತಿದ ದಂಪತಿಯೇ ತೋಟ ಮಾಡಿದ ಉದಾಹರಣೆ ಬೇಕೆಂದರೆ ಕೊಪ್ಪಳ ಜಿಲ್ಲೆಯ ಹನುಮಸಾಗರದ ಕಡೆ ನೋಡಬೇಕು. ಹೈದರಾಬಾದಿನ ಔಷಧ ಉದ್ಯಮಿಗಳಾದ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ಏಳು ಖಂಡಗಳಲ್ಲೂ ಮ್ಯಾರಥಾನ್ ಓಡಿದ ಜೋಡಿ. ಇಬ್ಬರ ಹೆಸರಿನ ಅಕ್ಷರಗಳನ್ನು ಕೂಡಿಸಿ 'ಕೃಸ್ಮಾ' ಎಂದು ಹೆಸರಿಟ್ಟ ತೋಟವನ್ನು ಅವರು 2008ರ ಸುಮಾರಿಗೆ ಆ ಕೆಂಪು ಕಲ್ಲುನೆಲದಲ್ಲಿ ಎಬ್ಬಿಸಿದರು.

ನಂದಿಯ ವೈನನ್ನು ಪುಣೆಯಲ್ಲೂ ನಾಸಿಕದ ವೈನನ್ನು ಬೆಂಗಳೂರಿನಲ್ಲೂ ಮಾರುವುದು ಮಾತ್ರ ಸುಲಭವಲ್ಲ. ಮದ್ಯದ ಅಬಕಾರಿ ಸುಂಕ ಸಂವಿಧಾನದ ಪ್ರಕಾರ ರಾಜ್ಯಗಳ ವಿಷಯ. ತನ್ನ ನೆಲದ ವೈನಿಗೆ ರಿಯಾಯಿತಿ ಕೊಡುವ ರಾಜ್ಯ ಪಕ್ಕದ ರಾಜ್ಯದ ಬಾಟಲಿಯ ಮೇಲೆ ತೆರಿಗೆ ಹೇರುತ್ತದೆ. ಗಡಿಯ ಎರಡೂ ಕಡೆ ಮನೆ ಮಾಡುವುದೇ ಇದಕ್ಕೆ ಕಂಪನಿಗಳು ಕಂಡುಕೊಂಡ ಉಪಾಯ. 2012ರಲ್ಲಿ ಗ್ರೋವರ್ ನಾಸಿಕದ ವಲ್ಲೆ ದ ವಿನ್ ಜೊತೆ ವಿಲೀನವಾಗಿ ಗ್ರೋವರ್ ಜಂಪಾ ಆಯಿತು. ಸುಲಾ ಬೆಂಗಳೂರು-ಮೈಸೂರು ರಸ್ತೆಯ ಚನ್ನಪಟ್ಟಣದ ಬಳಿ ವೈನರಿ ಕೊಂಡಿತು. ಸೋಲಾಪುರ, ವಿಜಯಪುರದ ಮೇಲೆ ಊರಿಗೆ ಹೋಗುವ ಹಿಂಜವಾಡಿಯ ಜೋಡಿಗೆ ಗಡಿ ದಾಟಿದ ಮೇಲೂ ರಸ್ತೆಯ ಬದಿಗೆ ಕಾಣುವುದು ದ್ರಾಕ್ಷಿಯ ಪಡಗಳೇ. ಆದರೆ ಈ ಭಾಗದ ಹಣ್ಣು ವೈನರಿಗೆ ಹೋಗುವುದು ಕಡಿಮೆ. ಶೆಡ್ಡುಗಳ ಜಾಳಿಗೆಯ ಮೇಲೆ ಒಣಗಿ, ಮಣೂಕವಾಗಿ, ಲಾರಿ ಹತ್ತಿ ತಾಸಗಾಂವ್, ಸಾಂಗ್ಲಿಯ ಹರಾಜು ಕಟ್ಟೆ ಸೇರುತ್ತದೆ.